ಕಾಫಿ ದರಪಟ್ಟಿಯಲ್ಲಿ ಎರಡು ಸಾಲಿಗೆ ಒಂದೇ ಮನೆ

ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಕಾಫಿ ವ್ಯಾಪಾರಿಗಳಿಗೆ ಜಾಲತಾಣ ಮಾಡಿಕೊಡುವ ನಮ್ಮ ಹುಡುಗರು ಜಾಲಪುಟ ಬರೆಯುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಹೆಚ್ಚಾಗಿ ಎಡವುವುದನ್ನು ನಾನು ನೋಡಿರುವುದು ದರಪಟ್ಟಿಯಲ್ಲಿಯೇ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಂಬ ನಾಲ್ಕು ಬಗೆಗಳಿಗೆ ನಾಲ್ಕು ಸಾಲುಗಳು ಬೇಕು. (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರ್ರಿ.) ಆದರೆ ತಳಿಯ ಹೆಸರು ಎರಡು ಸಾಲಿನ ಎತ್ತರದ ಒಂದೇ ಮನೆಯಲ್ಲಿ, ಅಂದರೆ ಪಟ್ಟಿಯ ಒಂದೇ ಚೌಕದಲ್ಲಿ, ಒಮ್ಮೆ ಮಾತ್ರ ಕಾಣಬೇಕು.

ಮೊದಲು ತಳಿ, ಸಂಸ್ಕರಣೆ, 50 ಕೆ.ಜಿ. ಚೀಲದ ದರ ಎಂಬ ಮೂರು ಕಂಬಸಾಲುಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬಳಿಕ ಪಟ್ಟಿಯನ್ನು ಆರಂಭಿಸುವ ಗುರುತಾದ ಟೇಬಲ್ (table) ಟ್ಯಾಗ್ ತೆರೆದು ತಲೆಸಾಲನ್ನು ಮುಗಿಸಿ. ಅರೇಬಿಕಾ ಎಂದು ಬರೆಯುವ ಮನೆಯ ಟ್ಯಾಗಿನೊಳಗೆ ಮನೆ ಎಷ್ಟು ಸಾಲು ಆವರಿಸಬೇಕೆಂದು ಹೇಳುವ ರೋಸ್ಪ್ಯಾನ್ (rowspan) ಎಂಬ ಆಟ್ರಿಬ್ಯೂಟ್, ಅಂದರೆ ಟ್ಯಾಗಿನ ಗುಣಸೂಚಿ, ಸೇರಿಸಿ, ಅದಕ್ಕೆ 2 ಎಂಬ ಅಂಕಿಯನ್ನು ಕೊಡಿ.

ತಪ್ಪಾಗುವುದು ಅದರ ಮುಂದಿನ ಸಾಲಿನಲ್ಲಿ. ಅರೇಬಿಕಾದ ಮನೆ ಮೇಲಿನಿಂದ ಇಳಿದು ಆ ಸಾಲಿನ ಮೊದಲ ಸ್ಥಾನವನ್ನು ಆಗಲೇ ಹಿಡಿದಿರುವುದರಿಂದ, ಅಲ್ಲಿ ಚೆರ್ರಿಗೆ ಒಂದು, ಅದರ ದರಕ್ಕೆ ಒಂದು, ಹೀಗೆ ಎರಡೇ ಟಿಡಿಗಳನ್ನು (td, ಸಾಮಾನ್ಯ ಮನೆಯ ಟ್ಯಾಗ್) ಬರೆಯಬೇಕು. ಆ ಸ್ಥಾನಕ್ಕೂ ಏನಾದರೂ ಇರಲೇಬೇಕೆಂದು ಖಾಲಿ ಟಿಡಿಯೊಂದನ್ನು ಇಟ್ಟರೆ, ಚೆರ್ರಿ ಎಂಬ ಪದ ದರದ ಕಂಬಸಾಲಿಗೆ ಜರುಗುತ್ತದೆ, ದರವು ಬಲಕ್ಕೆ ತಳ್ಳಲ್ಪಟ್ಟು ತಲೆಬರಹವಿಲ್ಲದ ನಾಲ್ಕನೆಯ ಕಂಬಸಾಲನ್ನು ಹುಟ್ಟಿಸುತ್ತದೆ. ಬ್ರೌಸರ್ ಇದಕ್ಕೆ ಎಚ್ಚರಿಕೆಯನ್ನೇನೂ ಕೊಡುವುದಿಲ್ಲ. ಆದ್ದರಿಂದ ಪ್ರತಿ ಸಾಲಿನಲ್ಲಿಯೂ ನೀವು ಬರೆದ ಮನೆಗಳಿಗೆ ಮೇಲಿನಿಂದ ಇಳಿದುಬಂದವನ್ನು ಕೂಡಿಸಿ ಎಣಿಸಿ. ಮೊತ್ತ ಮೂರೇ ಆಗಬೇಕು. ಈ ಪಟ್ಟಿಯ ನಾಲ್ಕು ಸಾಲುಗಳಲ್ಲಿ ಬರೆಯಬೇಕಾದ ಮನೆಗಳು ಕ್ರಮವಾಗಿ 3, 2, 3, 2.

ಸ್ಪ್ರೆಡ್‌ಶೀಟ್‌ನಿಂದ ಪಟ್ಟಿಯನ್ನು ಹಾಗೆಯೇ ತಂದು ಅಂಟಿಸುವ ಅಡ್ಡದಾರಿ ಬೇಡ. ಅಗಲ, ಬಣ್ಣ, ಅಕ್ಷರಶೈಲಿಗಳ ಹೊರೆಯೆಲ್ಲ ಅದರ ಜೊತೆಗೇ ಬಂದು, ಮರುದಿನ ದರ ಬದಲಿಸುವಾಗ ಸರಿಯಾದ ಸಾಲನ್ನು ಹುಡುಕುವುದೇ ಕಷ್ಟವಾಗುತ್ತದೆ.

ಪ್ರತಿ ತಳಿಯ ಎರಡು ಸಾಲುಗಳನ್ನು ಪ್ರತ್ಯೇಕ ಟಿಬಾಡಿಯಲ್ಲಿ (tbody, ಸಾಲುಗಳನ್ನು ಗುಂಪಾಗಿಸುವ ಟ್ಯಾಗ್) ಇಡಲೇಬೇಕೆಂಬುದು ನನ್ನ ಹಟ. ಯಾವ ಮನೆಯೂ ತನ್ನ ಟಿಬಾಡಿಯ ಗಡಿಯನ್ನು ದಾಟಲಾರದಾದ್ದರಿಂದ, ಕೈತಪ್ಪಿ 3 ಎಂದು ಬರೆದರೂ ಅರೇಬಿಕಾ ರೋಬಸ್ಟಾದ ಸಾಲಿಗೆ ಇಳಿಯುವುದಿಲ್ಲ. ರೋಸ್ಪ್ಯಾನ್‌ಗೆ ಸೊನ್ನೆ ಕೊಟ್ಟರೆ ಮನೆ ಗುಂಪಿನ ಕೊನೆಯವರೆಗೆ ತಾನಾಗಿ ಇಳಿಯುತ್ತದೆ ಎಂಬುದು ನಿಜ. ಆದರೆ ಟಿಬಾಡಿಗಳನ್ನು ಬೇರ್ಪಡಿಸದವರ ಪಟ್ಟಿಯಲ್ಲಿ ಅದು ಕೆಳಗಿನ ಸಾಲುಗಳನ್ನೆಲ್ಲ ಆವರಿಸುವುದರಿಂದ ಎಣಿಸಿ ಅಂಕಿಯನ್ನೇ ಬರೆಯಿರಿ.

ತಳಿಯ ಹೆಸರಿಗೆ ಟಿಡಿಯ ಬದಲು ತಲೆಬರಹದ ಮನೆಯ ಟ್ಯಾಗಾದ ಟಿಎಚ್ (th) ಬಳಸಿ, ಸ್ಕೋಪ್ (scope) ಎಂಬ ಆಟ್ರಿಬ್ಯೂಟ್‌ಗೆ ರೋಗ್ರೂಪ್ (rowgroup) ಎಂದು ಕೊಡಿ. ಆ ಹೆಸರು ಎರಡೂ ಸಾಲುಗಳಿಗೆ ಸೇರಿದ್ದೆಂಬುದು, ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ದರ ಕೇಳಿಸಿಕೊಳ್ಳುವ ದೃಷ್ಟಿಹೀನ ಬೆಳೆಗಾರರಿಗೂ ತಿಳಿಯಲು ಅದು ಬೇಕು.