ಕೌದಿ ಹೊಲಿಯುವಾಗ ಬಿಚ್ಚುವ ಚಟ ಬಿಡೋದು ಹೇಗೆ

ಮೊದಲ ಸಲ ಕೌದಿ, ಅಂದರೆ ಹಳೇ ಬಟ್ಟೆಯ ತುಂಡುಗಳನ್ನು ಪದರದ ಮೇಲೆ ಜೋಡಿಸಿ ಮಾಡುವ ಹೊದಿಕೆ, ಹೊಲಿಯಲು ಕೂತಾಗ ನಾನು ಒಂದೇ ಸಾಲನ್ನು ನಾಲ್ಕು ಸಲ ಬಿಚ್ಚಿದ್ದೆ. ಸಾಲು ಸೊಟ್ಟ ಬಂತು, ಬಿಚ್ಚಿದೆ. ಹೊಲಿಗೆ ಒಂದು ದೊಡ್ಡದು, ಒಂದು ಸಣ್ಣದು ಆಯ್ತು, ಮತ್ತೆ ಬಿಚ್ಚಿದೆ. ಹಳೇ ಕಾಟನ್ ಸೀರೆ, ಎಷ್ಟು ಅಂತ ತಡೆದೀತು? ಅದೇ ಜಾಗದಲ್ಲಿ ಸೂಜಿ ಚುಚ್ಚಿ ಚುಚ್ಚಿ ಬಟ್ಟೆಯೇ ಜಾಳಾಗಿ ಹರಿಯಿತು. ಆಗ ಪಕ್ಕದಲ್ಲಿದ್ದ ನಮ್ಮ ದೊಡ್ಡವ್ವ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಯಾಕವಾ ಬಿಚ್ಚಾಕತ್ತೀ? ಹೊಚ್ಕೊಳ್ಳಾಕ ಹೊಲಿಯೋದು, ನೋಡ್ಕೊಂತ ಕುಂಡ್ರಾಕಲ್ಲ."

ಎಲ್ಲವೂ ಅಚ್ಚುಕಟ್ಟಾಗಿ ಬರಬೇಕು ಅನ್ನೋ ಹಟದಲ್ಲಿ ಹೊಲಿಗೆಯ ಖುಷಿ ಕಳೆದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನಸ್ಸನ್ನು ಬದಲಾಯಿಸಿಕೊಳ್ಳಿ ಅಂತ ಬರೀ ಬಾಯಲ್ಲಿ ಹೇಳಿದರೆ ಯಾರಿಗೂ ಆಗಲ್ಲ, ನನಗೂ ಆಗಲಿಲ್ಲ. ಹೊಲಿಯುವ ರೀತಿಯನ್ನೇ ಬದಲಾಯಿಸಿದೆ, ಮನಸ್ಸು ಆಮೇಲೆ ತಾನೇ ಹಿಂದೆ ಬಂತು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಕೌದಿ ಅಂದರೆ ಕಸೂತಿ ಅಲ್ಲ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗಂಟು ಕಾಣಬಾರದು, ಗವಂತಿ ಮತ್ತು ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಬರಬೇಕು. ಅಲ್ಲಿ ಒಂದು ಎಳೆ ತಪ್ಪಿದರೆ ಗೋಪುರವೇ ವಾಲುತ್ತದೆ. ಕೌದಿಯ ಕಟ್ಟುಪಾಡು ಬೇರೆ. ಹರಿದ ಸೀರೆ, ಸವೆದ ಪಂಚೆ, ಮಕ್ಕಳಿಗೆ ಚಿಕ್ಕದಾದ ಅಂಗಿ, ಟೈಲರ್ ಅಂಗಡಿಯ ತುಂಡು, ಇವೆಲ್ಲ ಒಟ್ಟಿಗೆ ನಿಲ್ಲಬೇಕು, ಬೆಚ್ಚಗಿರಬೇಕು, ಒಗೆದರೂ ಬಿಚ್ಚಬಾರದು. ಅಷ್ಟೇ. ಕಸೂತಿಯ ಅಳತೆಗೋಲು ಹಿಡಿದು ಕೌದಿ ಹೊಲಿದರೆ ದುಃಖ ಗ್ಯಾರಂಟಿ.

ಹಾಗಾಗಿ ಸಣ್ಣದರಿಂದ ಶುರು ಮಾಡಿ. 2 ಅಡಿ ಉದ್ದ, 2 ಅಡಿ ಅಗಲ ಸಾಕು. ಕೂಸಿನ ತೊಟ್ಟಿಲಿಗೋ, ಕುರ್ಚಿಯ ಮೇಲೆ ಹಾಸುವುದಕ್ಕೋ ಆಗುತ್ತದೆ. ಬಟ್ಟೆ ಕಾಟನ್ ಇರಲಿ, ಹಳೇದಾದಷ್ಟೂ ಸೂಜಿ ಸಲೀಸಾಗಿ ಇಳಿಯುತ್ತದೆ. ಹೊಸ ತುಂಡು ಸೇರಿಸುವುದಾದರೆ ಮೊದಲೇ ಒಗೆದು ಒಣಗಿಸಿ, ಆಮೇಲೆ ಕುಗ್ಗಬಾರದು, ಬಣ್ಣ ಬಿಡಬಾರದು. ಮಿರಮಿರ ಮಿಂಚುವ ಸಿಂಥೆಟಿಕ್ ಸೀರೆ ಈಗ ಬೇಡ. ಕೈಯಲ್ಲಿ ಜಾರುತ್ತದೆ, ಸುಮ್ನೆ ಸಿಟ್ಟು ಬರುತ್ತದೆ.

ಈಗ ನಿಜವಾಗಿ ಸಹಾಯ ಮಾಡಿದ ಸಂಗತಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿ ಹೊಲಿಯುವ ರೀತಿ ಇದೆಯಲ್ಲ, ಅದನ್ನು ಹಿಡಿಯಿರಿ. ಅವರು ಮೊದಲೇ ಚೌಕ ಕತ್ತರಿಸಿ, ಚೌಕಕ್ಕೆ ಚೌಕ ಜೋಡಿಸಿ, ಮೂಲೆಗೆ ಮೂಲೆ ಕೂಡಿಸಿ ಹೊಲಿಯುವುದಿಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ತುಂಡುಗಳನ್ನು ಇಡುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಯಾವ ತುಂಡು ಎಲ್ಲಿ ಅನ್ನುವುದು ಹೊಲಿಯುತ್ತಾ ಹೊಲಿಯುತ್ತಾ ತೀರ್ಮಾನ ಆಗುತ್ತದೆ. ಇದರಲ್ಲಿ ಮೂಲೆ ಕೂಡಲಿಲ್ಲ ಅನ್ನುವ ಮಾತೇ ಇಲ್ಲ, ಯಾಕೆಂದರೆ ಕೂಡಬೇಕಾದ ಮೂಲೆಯೇ ಇಲ್ಲ! ನನ್ನಂಥವರಿಗೆ ಇದಕ್ಕಿಂತ ಒಳ್ಳೆ ಔಷಧಿ ಇನ್ನೊಂದು ಸಿಕ್ಕಿಲ್ಲ.

ಮಾಡುವುದು ಹೀಗೆ. ಕೆಳಗಿನ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಹಳೇ ಸೀರೆಯ ಒಂದೋ ಎರಡೋ ಪದರ ಇಡಿ. ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಪದರ ಜರುಗಬಾರದು, ಅದನ್ನು ಕೊನೆಗೆ ಕಿತ್ತುಹಾಕಿದರಾಯ್ತು. ಕೆಳಗಿನ ಬಟ್ಟೆಯ ಅಂಚನ್ನು ಒಳಗೆ ಮಡಿಚಿ, ಮೊದಲ ತುಂಡಿನ ಅಂಚನ್ನೂ ಮಡಿಚಿ, ಎರಡನ್ನೂ ಸರಿಸಮ ಇಟ್ಟು ಹೊಲಿಯಿರಿ. ಸೂಜಿ ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ ಸಾಕು. ತುಂಡು ಮುಗಿಯಿತಾ, ಮುಂದಿನ ತುಂಡಿನ ಬದಿಯನ್ನು ಅರ್ಧ ಇಂಚು ಮಡಿಚಿ, ಹಿಂದಿನದರ ಮೇಲೆ ಸ್ವಲ್ಪ ಹತ್ತಿಸಿ ಇಡಿ. ಹಾಗೇ ಸುತ್ತು ಬನ್ನಿ. ಒಂದು ಸಾಲಿಗೂ ಇನ್ನೊಂದಕ್ಕೂ ಒಂದು ಬೆರಳಿನಷ್ಟು ಜಾಗ. 2 ಅಡಿಯ ಕೌದಿಗೆ ನಡು ಮುಟ್ಟುವ ಹೊತ್ತಿಗೆ ಸುಮಾರು 16 ಸುತ್ತು ಆಗುತ್ತದೆ.

ಸ್ಕೇಲು, ಚಾಕ್‌ಪೀಸು ಎರಡನ್ನೂ ಬೇರೆ ಕೋಣೆಯಲ್ಲಿಡಿ. ತಮಾಷೆಗೆ ಹೇಳುತ್ತಿಲ್ಲ. ಕೈಗೆ ಸಿಕ್ಕರೆ ಗೆರೆ ಎಳೆಯುತ್ತೀರಿ, ಗೆರೆ ಎಳೆದರೆ ಅದರಿಂದ ಎಷ್ಟು ಆಚೆ ಹೋಯಿತು ಅಂತ ನೋಡುತ್ತೀರಿ. ನಿಮ್ಮ ಬೆರಳೇ ಅಳತೆ. ದಾರ ಎರಡು ಮೊಳಕ್ಕಿಂತ ಜಾಸ್ತಿ ಬೇಡ, ಸಿಕ್ಕಾಗುತ್ತದೆ.

ಹಾಗಾದರೆ ಏನು ತಪ್ಪಾದರೂ ಬಿಡಬೇಕಾ? ಇಲ್ಲ. ಇದನ್ನು ನಾನು ತಡವಾಗಿ ಕಲಿತೆ. ತಪ್ಪಿನಲ್ಲಿ ಎರಡು ಥರ ಇವೆ. ಒಂದು ಬರೀ ಕಣ್ಣಿಗೆ ಕಾಣುವಂಥದ್ದು: ಸಾಲು ಸೊಟ್ಟ, ಹೊಲಿಗೆ ಹೆಚ್ಚುಕಮ್ಮಿ, ಕೆಂಪಿನ ಪಕ್ಕ ಮತ್ತೆ ಕೆಂಪು. ಇದಕ್ಕೆ ಕೈ ಹಚ್ಚಬೇಡಿ. ಇನ್ನೊಂದು ಬಾಳಿಕೆ ಕೆಡಿಸುವಂಥದ್ದು: ಮಡಿಚಿದ ಅಂಚು ಹೊಲಿಗೆಗೆ ಸಿಗದೆ ಹೊರಗೆ ಬಂದಿರುವುದು, ಗಂಟು ಸಡಿಲ, ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ಉದ್ದದ ಹೊಲಿಗೆ. ಇದನ್ನು ಸರಿಮಾಡಲೇಬೇಕು. ಆದರೆ ಬಿಚ್ಚಿ ಅಲ್ಲ. ಅದರ ಮೇಲೇ ಇನ್ನೊಂದು ಸಾಲು ಓಡಿಸಿ, ಇಲ್ಲವೇ ಒಂದು ಸಣ್ಣ ತುಂಡು ಇಟ್ಟು ಹೊಲಿದುಬಿಡಿ. ಅನುಮಾನ ಬಂದರೆ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಾಯಿ ಬಿಡಲಿಲ್ಲ ಅಂದರೆ ಮುಂದೆ ಹೋಗಿ. ಕೈ ತಡೆಯದೆ ಕತ್ತರಿಯತ್ತ ಹೋದರೆ, ಈ ಸುತ್ತು ಮುಗಿಯಲಿ, ಆಮೇಲೆ ನೋಡೋಣ ಅಂತ ಹೇಳಿಕೊಳ್ಳಿ. ಸುತ್ತು ಮುಗಿಸಿ ತಿರುಗಿ ನೋಡಿದರೆ ಆ ಜಾಗ ಯಾವುದು ಅಂತ ನಿಮಗೇ ಹುಡುಕಬೇಕಾಗುತ್ತದೆ, ನನಗೆ ಎಷ್ಟೋ ಸಲ ಹೀಗೇ ಆಗಿದೆ.

ನಡುವಿಗೆ ಬರುವಾಗ ಬಟ್ಟೆ ಉಬ್ಬಿಕೊಳ್ಳಬಹುದು. ಇಲ್ಲೇ ತುಂಬಾ ಜನ ಕೈಬಿಡುತ್ತಾರೆ. ಗಾಬರಿ ಬೇಡ. ಪ್ರತಿ ಸುತ್ತು ಆದಮೇಲೆ ನೆಲದ ಮೇಲೆ ಹಾಸಿ ಅಂಗೈಯಿಂದ ಸವರಿ. ಆದರೂ ಉಬ್ಬಿದರೆ ಅಲ್ಲಿ ಒಂದು ಸಣ್ಣ ನೆರಿಗೆ ಹಿಡಿದು, ಮೇಲೆ ಕೊನೆಯ ತುಂಡು ಇಟ್ಟು ಹೊಲಿಯಿರಿ. ಸಣ್ಣಪುಟ್ಟ ಸುಕ್ಕನ್ನಂತೂ ಲೆಕ್ಕಕ್ಕೇ ಇಡಬೇಡಿ, ಒಗೆದ ಮೇಲೆ ಕೌದಿ ಪೂರ್ತಿ ಸುಕ್ಕುಸುಕ್ಕಾಗಿ ಮೆತ್ತಗಾಗುತ್ತದೆ, ಅದೇ ಅದರ ಚೆಲುವು. ಕೊನೆಗೆ ನಾಲ್ಕು ಮೂಲೆಗೂ ಬಣ್ಣದ ತುಂಡನ್ನು ತ್ರಿಕೋನವಾಗಿ ಮಡಿಚಿ ಸಿಕ್ಕಿಸಿ. ಸಿದ್ದಿಯರು ಇದನ್ನು ಹೂವು ಅನ್ನುತ್ತಾರೆ. ಹೂವಿಲ್ಲದ ಕೌದಿಯನ್ನು ಅವರು ಬೋಳು ಅಂತಲೇ ಎಣಿಸುತ್ತಾರೆ.

ಇನ್ನೊಂದು ಮಾತು. ಹೊಲಿಯುವ ದಿನಗಳಲ್ಲಿ ಮೊಬೈಲಿನಲ್ಲಿ ಬೇರೆಯವರ ಕೌದಿಯ ಫೋಟೋ ನೋಡಬೇಡಿ. ಬೆಳಕು ಹೊಂದಿಸಿ ತೆಗೆದ ಫೋಟೋಗೂ ನಿಮ್ಮ ಮಡಿಲಲ್ಲಿರುವ ಅರ್ಧ ಹೊಲಿದ ಕೌದಿಗೂ ಹೋಲಿಕೆ ಹೇಗೆ ಸಾಧ್ಯ, ಅಲ್ವಾ? ಅದರ ಬದಲು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಾತಾಡುತ್ತಾ ಹೊಲಿದರೆ ಕಣ್ಣು ತಪ್ಪು ಹುಡುಕುವುದನ್ನು ಮರೆಯುತ್ತದೆ. ದಿನಕ್ಕೆ ಒಂದು ಸುತ್ತು ಆದರೂ ಬೇಕಾದಷ್ಟಾಯಿತು.

ಮುಗಿದ ದಿನವೇ ಬಳಸಿ. ಮಡಿಚಿ ಕಪಾಟಿನಲ್ಲಿಟ್ಟರೆ ಒಂದು ದಿನ ತೆಗೆದು ಮತ್ತೆ ಬಿಚ್ಚಲು ಕೂರುತ್ತೀರಿ. ಒಗೆದಾಗ ಮಾತ್ರ ಸ್ವಲ್ಪ ಹುಷಾರು: ನೆನೆದ ಕೌದಿ ತುಂಬಾ ಭಾರ, ಒಂದೇ ಮೂಲೆಯಿಂದ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ. ಎರಡು ಹಗ್ಗದ ಮೇಲೆ ಅಡ್ಡ ಹಾಕಿ, ಇಲ್ಲವೇ ಬಿಸಿಲಿರುವ ಕಟ್ಟೆಯ ಮೇಲೆ ಹರವಿ, ಮಧ್ಯಾಹ್ನ ಒಂದು ಸಲ ತಿರುವಿಹಾಕಿ.