ತರಗತಿಯ ಕಾದಂಬರಿ ಚರ್ಚೆಗೆ ನಾನು ತಯಾರಾಗುವ ಬಗೆ

ಕಾದಂಬರಿಯನ್ನು ಪೂರ್ತಿ ಓದಿಕೊಂಡು ಬಂದವರೂ ಚರ್ಚೆಯಲ್ಲಿ ಸುಮ್ಮನೆ ಕೂರುವುದುಂಟು. ಹೇಳಬೇಕೆಂದಿದ್ದ ಮಾತಿಗೆ ಆಧಾರವಾದ ಸಾಲು ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ, ಅದೇ ಕಾರಣ. ಹಾಗಾಗಿ ನನ್ನ ತಯಾರಿಯಲ್ಲಿ ಮುಕ್ಕಾಲು ಪಾಲು ಪುಟ ಗುರುತಿಟ್ಟುಕೊಳ್ಳುವ ಕೆಲಸವೇ.

240 ಪುಟದ ಪುಸ್ತಕವಾದರೆ ದಿನಕ್ಕೆ 30 ಪುಟದಂತೆ ಎಂಟು ದಿನ, ಆಮೇಲೆ ಮರು ಓದಿಗೆ ಎರಡು ದಿನ. ಹಿಂದಿನ ರಾತ್ರಿ ಓದಿ ಮುಗಿಸಿದರೆ ಕೊನೆಯ ಅಧ್ಯಾಯವಷ್ಟೇ ತಲೆಯಲ್ಲಿರುತ್ತದೆ. ಮೊದಲ ಓದಿನಲ್ಲಿ ಟಿಪ್ಪಣಿ ಬರೆಯುವುದಿಲ್ಲ. ಎಡವಿದ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು, ಅಷ್ಟೇ. ಎರಡನೇ ಸಲ ಗೀಟು ಬಿದ್ದ ಪುಟಗಳನ್ನು ಮಾತ್ರ ಓದಿ, ಮೂವತ್ತಿದ್ದರೆ ಐದಾರಕ್ಕೆ ಇಳಿಸುತ್ತೇನೆ. ಒಂದೊಂದಕ್ಕೂ ಒಂದು ಚೀಟಿ: ಅಧ್ಯಾಯ, ಪುಟ, ಸಾಲಿನ ಮೊದಲ ನಾಲ್ಕು ಪದ. ಮುದ್ರಣ ಬದಲಾದರೆ ಪುಟಸಂಖ್ಯೆ ಹೊಂದುವುದಿಲ್ಲ, ಆಗ ಆ ನಾಲ್ಕು ಪದಗಳೇ ದಾರಿ.

ಹೆಚ್ಚು ಹೊತ್ತು ಹಿಡಿಯುವುದು ಪ್ರಶ್ನೆ ಕಟ್ಟುವುದು. ಪುಸ್ತಕ ತೆರೆಯದೆ ಉತ್ತರಿಸಬಹುದಾದ ಪ್ರಶ್ನೆಯನ್ನು ಬಿಟ್ಟುಬಿಡುತ್ತೇನೆ. ಯು. ಆರ್. ಅನಂತಮೂರ್ತಿಯವರ ಕಾದಂಬರಿ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳಿ. ಆಚಾರ ಬಿಟ್ಟು ಬದುಕಿದ ನಾರಣಪ್ಪ ಸತ್ತಾಗ, ಅವನ ಶವಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರದ ಬ್ರಾಹ್ಮಣರು ಪಂಡಿತ ಪ್ರಾಣೇಶಾಚಾರ್ಯರನ್ನು ಕೇಳುತ್ತಾರೆ. ‘ಪ್ರಾಣೇಶಾಚಾರ್ಯ ಮಾಡಿದ್ದು ಸರಿಯೇ?’ ಎಂದರೆ ಎಲ್ಲರೂ ತಂತಮ್ಮ ನೀತಿ ಹೇಳಿ ಮುಗಿಸುತ್ತಾರೆ. ಅದರ ಬದಲು ಈ ಘಟನೆ ನೋಡಿ: ನಾರಣಪ್ಪನ ಶವವನ್ನು ಅವನ ಸಂಗಾತಿ ಚಂದ್ರಿ ರಾತ್ರೋರಾತ್ರಿ ಸುಡಿಸಿಬಿಡುತ್ತಾಳೆ. ಅದು ಓದುಗರಿಗೆ ಗೊತ್ತು, ಅಗ್ರಹಾರದವರಿಗೆ ಗೊತ್ತಿಲ್ಲ. ಅವರ ಜಿಜ್ಞಾಸೆ ನಡೆದೇ ಇರುತ್ತದೆ. ‘ನಮಗೆ ಮೊದಲೇ ತಿಳಿಸಿದ್ದರಿಂದ ಮುಂದಿನ ಪುಟಗಳನ್ನು ಓದುವ ರೀತಿ ಹೇಗೆ ಬದಲಾಯಿತು?’ ಎಂದು ಕೇಳಿದರೆ ಎಲ್ಲರೂ ಪುಟ ತಿರುವಲೇಬೇಕು. ಎರಡು ಉತ್ತರ ಸಾಧ್ಯವಿದ್ದು, ಎರಡಕ್ಕೂ ಪಠ್ಯದಲ್ಲಿ ಆಧಾರವಿದ್ದರೆ ಆ ಪ್ರಶ್ನೆ ಗಟ್ಟಿ. ಅಂಥವು ಎರಡಿದ್ದರೆ ಸಾಕು.

45 ನಿಮಿಷದ ತರಗತಿಯಲ್ಲಿ 20 ಜನರಿದ್ದರೆ ತಲೆಗೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಮೊದಲ ಹತ್ತು ನಿಮಿಷದೊಳಗೆ ಒಂದು ಸಲ ಮಾತಾಡುತ್ತೇನೆ. ತಡವಾದಷ್ಟೂ ಬಾಯಿ ತೆರೆಯುವುದು ಕಷ್ಟ. ಪುಟ ಹೇಳಿ, ಎಲ್ಲರೂ ತೆರೆಯುವವರೆಗೆ ಕಾದು, ಮೂರು ನಾಲ್ಕು ಸಾಲು ಓದುತ್ತೇನೆ. ಈ ಕಾಯುವಿಕೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಾಗಾಗಿ ಅವರ ಸಾಲು ಯಾರ ಕಿವಿಗೂ ಬೀಳುವುದಿಲ್ಲ. ಕಥೆ ಒಪ್ಪಿಸಲು ಹೋಗಬಾರದು, ಅದನ್ನು ಎಲ್ಲರೂ ಓದಿದ್ದಾರೆ. ಪಾತ್ರ ಆಡಿದ ಮಾತನ್ನು ಲೇಖಕರ ಅಭಿಪ್ರಾಯವೆಂದು ಹಿಡಿಯುವುದೂ ಪದೇಪದೇ ಆಗುವ ತಪ್ಪು.

ಒಪ್ಪಿಗೆಯಾಗದಿದ್ದರೆ ಮೊದಲು ಅವರ ಮಾತನ್ನು ನನ್ನ ಬಾಯಲ್ಲಿ ಹೇಳಿ, ‘ಇದೇ ತಾನೇ ನೀವಂದದ್ದು?’ ಎಂದು ಕೇಳುತ್ತೇನೆ. ಅರ್ಧ ಜಗಳ ಅಲ್ಲೇ ಕರಗುತ್ತದೆ. ಉಳಿದರ್ಧಕ್ಕೆ ಚೀಟಿ ಇದ್ದೇ ಇದೆ. ಚರ್ಚೆಯಲ್ಲಿ ನನ್ನ ಓದು ಬದಲಾದರೆ ಅದೇ ಚೀಟಿಯ ಹಿಂಬದಿಗೆ ಆ ದಿನವೇ ಬರೆದಿಡುತ್ತೇನೆ. ಪ್ರಬಂಧ ಬರೆಯುವಾಗ ಮೊದಲು ತಿರುವಿ ನೋಡುವುದು ಆ ಹಿಂಬದಿಯನ್ನೇ.