ಕಸ್ಟಮ್ಸ್‌ನವರು ಜಪ್ತಿ ಮಾಡಿದ ರಫ್ತು ದಾಖಲೆಗಳನ್ನು ಮರಳಿ ಪಡೆಯುವ ಕ್ರಮ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯಿಂದ ಮಂಗಳೂರು ಇಲ್ಲವೇ ಕೊಚ್ಚಿ ಬಂದರಿನ ಮೂಲಕ ಸರಕು ಕಳುಹಿಸುವವರಲ್ಲಿ, ಆರು ತಿಂಗಳೊಳಗೆ ಶೋಕಾಸ್ (ಕಾರಣ ಕೇಳುವ) ನೋಟಿಸು ಬಾರದಿದ್ದರೆ ಕಸ್ಟಮ್ಸ್‌ನವರು ಒಯ್ದ ಕಡತಗಳೂ ತಾವಾಗಿ ಮರಳುತ್ತವೆ ಎಂದು ನಂಬಿ ಕೂರುವವರಿದ್ದಾರೆ. 1962ರ ಕಸ್ಟಮ್ಸ್ ಕಾಯಿದೆಯ 110(2)ನೇ ಕಲಂನ ಆ ಗಡುವು ಸರಕಿಗೆ ಮಾತ್ರ ಅನ್ವಯಿಸುತ್ತದೆ. ಅದನ್ನೂ ಕಮಿಷನರರು ಕಾರಣ ದಾಖಲಿಸಿ ಮತ್ತೆ ಆರು ತಿಂಗಳವರೆಗೆ ವಿಸ್ತರಿಸಬಹುದು. ದಾಖಲೆಗಳ ಜಪ್ತಿ 110(3)ರ ಕೆಳಗೆ ಬರುತ್ತದೆ, ಅಲ್ಲಿ ಅಂತಹ ಗಡುವಿಲ್ಲ. ಆದುದರಿಂದ ದಾಖಲೆ ಬೇಕಾದವರು ಅದನ್ನು ಲಿಖಿತವಾಗಿ, ಒಂದೊಂದನ್ನೂ ಹೆಸರಿಸಿ ಕೇಳಲೇಬೇಕು.

ಹಾಗೆ ಕೇಳುವುದಕ್ಕೆ ಆಧಾರ ಮಹಜರು, ಅಂದರೆ ಜಪ್ತಿಯ ವೇಳೆ ಸಾಕ್ಷಿಗಳ ಎದುರು ಬರೆಯುವ ವರದಿ. ಅದರಲ್ಲಿ 'ಒಂದು ಕಟ್ಟು ಕಾಗದ' ಎಂದಷ್ಟೇ ಬರೆದಿದ್ದರೆ ಮುಂದೆ ಯಾವ ಕಾಗದ ಹೋಯಿತು, ಯಾವುದು ಬಂತು ಎಂದು ತೋರಿಸಲು ದಾರಿಯೇ ಇರುವುದಿಲ್ಲ. ಶಿಪ್ಪಿಂಗ್ ಬಿಲ್ಲಿನ (ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ಘೋಷಣಾಪತ್ರದ) ಸಂಖ್ಯೆ ಮತ್ತು ತಾರೀಕು, ಇನ್‌ವಾಯ್ಸ್ ಸಂಖ್ಯೆ, ಪ್ರತಿ ಕಡತದ ಪುಟಗಳ ಎಣಿಕೆ, ಕಂಪ್ಯೂಟರ್ ಅಥವಾ ಮೊಬೈಲ್ ಒಯ್ದಿದ್ದರೆ ಅದರ ಸೀರಿಯಲ್ ಸಂಖ್ಯೆ, ಇಷ್ಟೂ ಮಹಜರಿನಲ್ಲಿ ನಮೂದಾಗುವಂತೆ ಅಲ್ಲಿಯೇ ವಿನಯದಿಂದ ಒತ್ತಾಯಿಸಬೇಕು. ಬರಹ ಅರ್ಥವಾಗದಿದ್ದರೆ ಓದಿಸಿ, ವಿವರಿಸಿಕೊಂಡು, ಆಮೇಲೆ ಸಹಿ ಹಾಕಬೇಕು.

ಮೊದಲ ಅರ್ಜಿ ನಕಲಿಗಾಗಿ ಇರಲಿ. ದಾಖಲೆ ಯಾರ ವಶದಿಂದ ಹೋಯಿತೋ ಅವರು ಕಸ್ಟಮ್ಸ್ ಅಧಿಕಾರಿಯ ಎದುರಿನಲ್ಲಿ ಅದರ ನಕಲು ಮಾಡಿಕೊಳ್ಳಲು ಅಥವಾ ಬೇಕಾದ ಭಾಗ ಬರೆದುಕೊಳ್ಳಲು 110(4) ಹಕ್ಕು ನೀಡಿದೆ. ಜಿಎಸ್‌ಟಿ ರಿಟರ್ನ್, ಡ್ರಾಬ್ಯಾಕ್ (ರಫ್ತು ಸರಕಿಗೆ ಸಿಗುವ ಸುಂಕದ ಮರುಪಾವತಿ), ಬ್ಯಾಂಕಿನ ವ್ಯವಹಾರಗಳನ್ನು ನಡೆಸಿಕೊಂಡು ಹೋಗಲು ಬಹುಪಾಲು ಇದೇ ಸಾಕಾಗುತ್ತದೆ. ಮೂಲ ಪ್ರತಿಯೇ ಬೇಕಿದ್ದರೆ 110ಎ ಕಲಂನಂತೆ ತಾತ್ಕಾಲಿಕ ಬಿಡುಗಡೆ ಕೋರಬಹುದು. ಆ ಕಲಂ ಸರಕಿನೊಡನೆ ದಾಖಲೆಗಳನ್ನೂ ಹೆಸರಿಸುತ್ತದೆ, ಆದರೆ ಬಾಂಡ್ ಬರೆದುಕೊಡಬೇಕು, ಭದ್ರತೆಯನ್ನೂ ಕೇಳಬಹುದು.

124ನೇ ಕಲಂನ ಶೋಕಾಸ್ ನೋಟಿಸು ಕೈಸೇರಿದ ಮೇಲೆ ಇಲಾಖೆ ಆಧಾರವಾಗಿ ಇಟ್ಟುಕೊಂಡ ದಾಖಲೆಗಳ ಪಟ್ಟಿಯನ್ನು ಮಹಜರಿನೊಂದಿಗೆ ಸಾಲುಸಾಲಾಗಿ ಹೋಲಿಸಿ, ಪಟ್ಟಿಯಲ್ಲಿ ಇಲ್ಲದವನ್ನೆಲ್ಲ ಹಿಂದಿರುಗಿಸುವಂತೆ ಎರಡನೆಯ ಅರ್ಜಿ ಸಲ್ಲಿಸಬೇಕು. ಜಿಎಸ್‌ಟಿ ಕಾಯಿದೆಯ 67(3) ಇಂತಹವನ್ನು ನೋಟಿಸು ಹೊರಟ 30 ದಿನಗಳೊಳಗೆ ಮರಳಿಸಲು ಹೇಳುತ್ತದೆ. ಕಸ್ಟಮ್ಸ್ ಕಾಯಿದೆಯ 110ರಲ್ಲಿ ಅಷ್ಟು ಸ್ಪಷ್ಟವಾದ ಮಾತಿಲ್ಲ. ಆಧಾರವಾಗಿ ಬಳಸದ ಕಾಗದವನ್ನು ಹಿಡಿದಿಟ್ಟುಕೊಳ್ಳುವುದರಿಂದ ತನಿಖೆಗೆ ಪ್ರಯೋಜನವಿಲ್ಲ, ಅದೇ ಕಾಗದವಿಲ್ಲದೆ ಉತ್ತರ ಬರೆಯಬೇಕಾದ ರಫ್ತುದಾರನಿಗೆ ಮಾತ್ರ ನಷ್ಟ ಎಂಬುದನ್ನು ಅರ್ಜಿಯಲ್ಲಿ ನೇರವಾಗಿಯೇ ಬರೆಯಬೇಕು. ಯಾವ ಕಾಗದವಿಲ್ಲದೆ ಯಾವ ಆರೋಪಕ್ಕೆ ಉತ್ತರಿಸಲಾಗದು ಎಂದು ತೋರಿಸಿದರೆ ಕೋರಿಕೆಗೆ ತೂಕ ಬರುತ್ತದೆ.

ಭಾಷೆಯ ಬಗ್ಗೆ ಗಡಿನಾಡ ಕನ್ನಡಿಗರು ಹಿಂಜರಿಯಬೇಕಾಗಿಲ್ಲ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಧಿಕಾರಿಗೂ ಕನ್ನಡದಲ್ಲಿ ಸಲ್ಲಿಸಲು ಸಂವಿಧಾನದ 350ನೇ ವಿಧಿ ಅವಕಾಶ ನೀಡುತ್ತದೆ. ಆದರೂ ಇಂಗ್ಲಿಷ್ ಅನುವಾದವನ್ನು ಜೊತೆಗಿಟ್ಟರೆ ಕೆಲಸ ತಡವಾಗದು. ಕೊಟ್ಟ ಪ್ರತಿಯೊಂದು ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು; ಉತ್ತರ ಬಾರದೆ 226ನೇ ವಿಧಿಯಂತೆ ಹೈಕೋರ್ಟಿಗೆ ಹೋಗಬೇಕಾಗಿ ಬಂದಾಗ ವಕೀಲರು ಮೊದಲು ಕೇಳುವುದು ಅದನ್ನೇ. ಜಪ್ತಿ ಕಾಸರಗೋಡಿನಲ್ಲಿ ನಡೆದಿದ್ದರೆ ಎರ್ನಾಕುಳದಲ್ಲಿರುವ ಕೇರಳ ಹೈಕೋರ್ಟಿಗೆ ಹೋಗಬಹುದು; ಮಂಗಳೂರಿನ ಬಂದರಿನಲ್ಲಿ ಮಂಗಳೂರಿನ ಕಚೇರಿಯವರೇ ಮಾಡಿದ್ದರೆ ಕರ್ನಾಟಕ ಹೈಕೋರ್ಟಿನ ವಿಷಯವನ್ನು ವಕೀಲರೊಂದಿಗೆ ವಿಚಾರಿಸಬೇಕು.

ದಾಖಲೆ ಮರಳಿ ಪಡೆಯುವ ದಿನ ಮಹಜರಿನ ಪ್ರತಿಯನ್ನು ಒಯ್ದು, ಪುಟಗಳನ್ನು ಎಣಿಸಿ, ಕೊರತೆ ಕಂಡರೆ ಅದನ್ನು ರಶೀದಿಯ ಮೇಲೆಯೇ ಬರೆದು, ಅಧಿಕಾರಿಯ ಸಹಿ ಪಡೆದ ಬಳಿಕವಷ್ಟೇ ತಮ್ಮ ಸಹಿ ಹಾಕಬೇಕು.